ಎಬರ್‌ಹಾರ್ಡನ ಹಿಡಿಸೂಡಿ ಮತ್ತು ಮಂಗಳೂರ ಸಮಾಚಾರ

ನಾನು ಸ್ಟುಟ್‌ಗಾರ್ಟಿಗೆ ಬಂದು ಮೂರನೇ ವಾರ. 2022ರ ಅಕ್ಟೋಬರ್. ಸಂಜೆ ಆಫೀಸಿನಿಂದ ಬಂದು ನೋಡ್ತೇನೆ, ನನ್ನ ಮನೆ ಬಾಗಿಲ ಹಿಡಿಕೆಗೆ ಒಂದು ಚಂದದ ಮರದ ಫಲಕ ನೇತಾಡ್ತಾ ಇದೆ. ದಾರ ಕಟ್ಟಿ ನೇತು ಹಾಕಿದ್ದಾರೆ. ಅದರ ಮೇಲೆ ಕೊಕ್ಕೆ ಅಕ್ಷರದಲ್ಲಿ ಒಂದೇ ಒಂದು ಉದ್ದ ಪದ, ಪಕ್ಕದಲ್ಲಿ ಒಂದು ಹೂವಿನ ಚಿತ್ರ. ನನಗೆ ಆಗ ಬರ್ತಿದ್ದ ಜರ್ಮನ್ ಅಂದ್ರೆ "ಗುಟನ್ ಮಾರ್ಗನ್" ಮತ್ತು "ನಿಧಾನ ಮಾತಾಡಿ" ಎರಡೇ. ಅಕ್ಕಪಕ್ಕದವರು ಹೊಸಬನಿಗೆ ಸ್ವಾಗತ ಕೋರಿ ತೂಗು ಹಾಕಿದ್ದಾರೆ ಅಂತ ನನ್ನ ಕಲ್ಪನೆ. ಫಲಕ ಹಿಡಿದು ಒಂದು ಸೆಲ್ಫಿ ತೆಗೆದು ಅಮ್ಮನಿಗೆ ಕಳಿಸಿದೆ. ಅಮ್ಮ ಅದನ್ನು ಪುತ್ತೂರಿನ ಅಷ್ಟೂ ನೆಂಟರಿಗೆ ಕಳಿಸಿ, "ನೋಡಿ ಮಾರಾಯ್ರೆ, ಎಷ್ಟು ಒಳ್ಳೆ ಜನ, ಮಗನಿಗೆ ಎಂತದೋ ಮರ್ಯಾದೆ ಮಾಡಿದ್ದಾರೆ" ಅಂತ ಹೇಳಿಯೂ ಆಯ್ತು.

ಫಲಕವನ್ನು ನಾನು ಒಳಗೆ ತಂದು ಟೀವಿ ಇಡುವ ಜಾಗದಲ್ಲಿ ಅಲಂಕಾರಕ್ಕೆ ಇಟ್ಟೆ.

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಕೆಳಮನೆಯ ಅಜ್ಜಿ. ಎಂಬತ್ತರ ಮೇಲೆ ವಯಸ್ಸು, ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯ ಬೆರಳು ಮೆಟ್ಟಿಲ ಕಡೆಗೆ. ಅವರು ಹೇಳಿದ್ದರಲ್ಲಿ ನನಗೆ ಒಂದಕ್ಷರ ತಿಳಿಯದಿದ್ದರೂ ವಿಷಯ ಮಾತ್ರ ಪೂರ್ತಿ ತಿಳಿಯಿತು. ನಮ್ಮಮ್ಮ ಬೈದರೂ ಹಾಗೇ ಅಲ್ವಾ, ಪದ ಕೇಳಿಸದಿದ್ದರೂ ಅರ್ಥ ಆಗುತ್ತೆ! ನನ್ನ ಸನ್ಮಾನದ ಫಲಕದ ಮೇಲೆ ಬರೆದಿದ್ದ ಪದ "ಕೇರ್‌ವೋಖೆ". ಅಂದ್ರೆ ಗುಡಿಸುವ ವಾರ. ಆ ಫಲಕ ಯಾರ ಬಾಗಿಲಲ್ಲಿ ನೇತಾಡುತ್ತದೋ ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಪಾಳಿ ಅವರದ್ದು. ಮುಗಿದ ಮೇಲೆ ಮುಂದಿನ ಮನೆಯ ಬಾಗಿಲಿಗೆ ನೇತು ಹಾಕಬೇಕು. ನಾನು ಅದನ್ನು ಶೋಕೇಸಿಗೆ ಇಟ್ಟು ಇಡೀ ಕಟ್ಟಡದ ಸರದಿಯನ್ನೇ ಹ್ಯಾಂಗ್ ಮಾಡಿ ಕೂತಿದ್ದೆ. ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಹೇಳುವುದಾದರೆ, ಲಾಕ್ ತಗೊಂಡು ಬಿಡುಗಡೆ ಮಾಡದ ಪ್ರೋಸೆಸ್ ನಾನೇ.

ಈ ಕೇರ್‌ವೋಖೆಯಲ್ಲೂ ಎರಡು ಬಗೆ. ಚಿಕ್ಕದು, ದೊಡ್ಡದು. ಚಿಕ್ಕದು ನಮ್ಮ ನಮ್ಮ ಮಹಡಿಯ ಮೆಟ್ಟಿಲಿಗೆ. ದೊಡ್ಡದು ಅಂದ್ರೆ ಮನೆ ಮುಂದಿನ ಫುಟ್‌ಪಾತ್, ಅಂಗಳ, ನೆಲಮಾಳಿಗೆ ಎಲ್ಲಾ ಸೇರಿ. ಚಳಿಗಾಲದಲ್ಲಾದರೆ ಹಿಮ ಬಾಚುವ ಕೆಲಸವೂ ಸೇರಿಕೊಳ್ಳುತ್ತದೆ. ಕಸ ಇರಲಿ ಬಿಡಲಿ ಗುಡಿಸಬೇಕು. "ಕಸವೇ ಇಲ್ವಲ್ಲ" ಅಂತ ನಾನೊಮ್ಮೆ ಅಜ್ಜಿಗೆ ಹೇಳಿ ನೋಡಿದೆ. ಕಸ ಇಲ್ಲದಿರುವುದು ಹೋದ ವಾರದವರು ಗುಡಿಸಿದ್ದಕ್ಕೆ, ಅಂದರು. ಈ ಲಾಜಿಕ್ಕಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೇಡು ತೀರಿಸಿಕೊಳ್ಳುವ ಹಾಗೆ, ಇದನ್ನು ಶುರು ಮಾಡಿದ ಪುಣ್ಯಾತ್ಮ ಯಾರು ಅಂತ ಹುಡುಕಲು ಕೂತೆ. ಸಿಕ್ಕಿದ. ಹೆಸರು ಎಬರ್‌ಹಾರ್ಡ್, ಅಡ್ಡಹೆಸರು "ಗಡ್ಡದ ಎಬರ್‌ಹಾರ್ಡ್". ವ್ಯೂರ್ಟೆಂಬೆರ್ಗ್ ಅನ್ನುವ ಈ ಸೀಮೆಯ ದೊರೆ. 1468ರಲ್ಲಿ ಜೆರುಸಲೇಮಿಗೆ ಯಾತ್ರೆ ಹೋಗಿ ಬಂದವನು; ಆ ಯಾತ್ರೆಯ ನೆನಪಿಗೆ ಗಡ್ಡ ಬಿಟ್ಟವನು ಗಡ್ಡದವನೇ ಆಗಿ ಉಳಿದ. ಶಬರಿಮಲೆಗೆ ಮಾಲೆ ಹಾಕಿದವರು ಬಿಡುವ ಗಡ್ಡ ಮನೆಗೆ ಬಂದ ಮೇಲೆ ಹೋಗುತ್ತದೆ, ಇವನದ್ದು ಹೋಗಲೇ ಇಲ್ಲ. 1492ರಲ್ಲಿ ಅವನು ಸ್ಟುಟ್‌ಗಾರ್ಟಿಗೆ ಒಂದು ಪಟ್ಟಣದ ಕಟ್ಟಳೆ ಬರೆಸಿದ. ಪಟ್ಟಣ ಚೊಕ್ಕಟವಾಗಿರಲು ಪ್ರತಿಯೊಬ್ಬನೂ ತನ್ನ ಹಟ್ಟಿಯ ಗೊಬ್ಬರವನ್ನು ವಾರಕ್ಕೊಮ್ಮೆ ಊರ ಹೊರಗೆ ಸಾಗಿಸಬೇಕು, ಸ್ವಂತ ಪಾಯಿಖಾನೆ ಇಲ್ಲದವನು ರಾತ್ರಿ ಹೊತ್ತು ಹೊಲಸನ್ನು ಹೊತ್ತು ಹಳ್ಳಕ್ಕೆ ಹಾಕಿ ಬರಬೇಕು, ಇತ್ಯಾದಿ. ಇವತ್ತಿನ ಫಲಕ, ಪಾಳಿ, ಒದ್ದೆಬಟ್ಟೆ ಎಲ್ಲ ಆಮೇಲಿನ ಶತಮಾನಗಳಲ್ಲಿ ಸೇರಿಕೊಂಡದ್ದು. ಆದರೆ ಇಲ್ಲಿನ ಜನ ಕೇರ್‌ವೋಖೆಯ ಮೂಲ ಹೇಳುವಾಗ ಈ ಕಟ್ಟಳೆಯನ್ನೇ ಬೊಟ್ಟು ಮಾಡುತ್ತಾರೆ. 1492 ಅಂದ್ರೆ ಕೊಲಂಬಸ್ ನಮ್ಮನ್ನು ಹುಡುಕಿಕೊಂಡು ಹಡಗು ಹತ್ತಿದ ವರ್ಷ. ನಮ್ಮ ಕಡೆ ವಿಜಯನಗರದಲ್ಲಿ ಸಾಳುವರ ಕಾಲ. ಅವರವರ ಕೆಲಸ ಅವರವರಿಗೆ, ಇವರು ಪೊರಕೆ ಹಿಡಿದರು.

1988ರಲ್ಲಿ ಸ್ಟುಟ್‌ಗಾರ್ಟ್ ನಗರಸಭೆ ಈ ನಿಯಮವನ್ನು ತನ್ನ ಕಾನೂನಿನಿಂದ ತೆಗೆದುಹಾಕಿತು. ಅದು ಗೊತ್ತಾದ ದಿನ ನನಗೆ ಹಬ್ಬ. ಆದರೆ ಅಷ್ಟರಲ್ಲಿ ಕೇರ್‌ವೋಖೆ ಬಾಡಿಗೆ ಕರಾರುಗಳ ಒಳಗೆ ಹೊಕ್ಕು ಭದ್ರವಾಗಿ ಕೂತಾಗಿತ್ತು. ನನ್ನ ಕರಾರಿನ ಹನ್ನೊಂದನೇ ಪುಟದಲ್ಲಿ ಅದು ಇತ್ತು. ಓದದೆ ಸಹಿ ಹಾಕಿದ್ದು ಯಾರ ತಪ್ಪು? ಆ್ಯಪುಗಳ ಷರತ್ತುಗಳಿಗೆ "ಒಪ್ಪಿದೆ" ಒತ್ತಿ ಒತ್ತಿ ಅಭ್ಯಾಸ ನೋಡಿ.

* * *

ಇಷ್ಟಕ್ಕೇ ಮುಗಿದಿದ್ದರೆ ಎಬರ್‌ಹಾರ್ಡನನ್ನು ಬೈದುಕೊಂಡು ಗುಡಿಸುತ್ತಾ ಇರ್ತಿದ್ದೆ. ಆದರೆ 2023ರ ಮೇ ತಿಂಗಳಲ್ಲಿ 49 ಯೂರೊ ಟಿಕೆಟ್ ಶುರುವಾಯ್ತು. ತಿಂಗಳಿಗೆ 49 ಯೂರೊ ಕೊಟ್ಟರೆ ಇಡೀ ಜರ್ಮನಿಯ ಸಿಟಿ ಬಸ್ಸು, ಟ್ರಾಮು, ಲೋಕಲ್ ರೈಲು ಎಲ್ಲದರಲ್ಲೂ ಓಡಾಡಬಹುದು. ಬೆಲೆ ಆಮೇಲೆ ಏರಿತು, ಅದು ಬೇರೆ ಕತೆ. ಫ್ರೀ ಅಂದ್ರೆ ನನಗೂ ಒಂದಿರಲಿ ಅನ್ನುವ ಜಾತಿ ನಾನು; ದುಡ್ಡು ಕೊಟ್ಟ ಮೇಲೆ ಬಿಡ್ತೇನಾ? ಪ್ರತಿ ಶನಿವಾರ ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಯಾವ ರೈಲು ಮೊದಲು ಬರುತ್ತೋ ಅದಕ್ಕೆ ಹತ್ತುವುದು. ಹಾಗೆ ಹತ್ತಿದ ಒಂದು ರೈಲು ಟ್ಯೂಬಿಂಗನ್‌ಗೆ ಹೋಯಿತು.

ಸ್ಟುಟ್‌ಗಾರ್ಟ್‌ನಿಂದ ಟ್ಯೂಬಿಂಗನ್‌ಗೆ ಸುಮಾರು ಒಂದು ಗಂಟೆ. ನೆಕ್ಕಾರ್ ನದಿಯ ಪಕ್ಕದಲ್ಲೇ ಸ್ವಲ್ಪ ದೂರ ಹಳಿ. ಮೊದಲು ಎಸ್ಲಿಂಗನ್ ಬರುತ್ತೆ, ಆಮೇಲೆ ರೊಯ್ಟ್‌ಲಿಂಗನ್. ರೊಯ್ಟ್‌ಲಿಂಗನ್‌ನಲ್ಲಿ ಇಳಿಯಲೇಬೇಕು ಅಂತ ಸಹೋದ್ಯೋಗಿ ಹೇಳಿದ್ದ, ಯಾಕಂದ್ರೆ ಜಗತ್ತಿನ ಅತಿ ಇಕ್ಕಟ್ಟಿನ ಬೀದಿ ಅಲ್ಲಿದೆ. ಹೆಸರು ಸ್ಪ್ರೊಯರ್‌ಹೋಫ್ ಬೀದಿ. 1726ರಲ್ಲಿ ಊರಿಗೆ ಬೆಂಕಿ ಬಿದ್ದು, ಮರು ವರ್ಷ ಮತ್ತೆ ಮನೆ ಕಟ್ಟುವಾಗ ಎರಡು ಮನೆ ನಡುವೆ ಉಳಿದ ಸಂದು ಅದು. ಅತ್ಯಂತ ಕಿರಿದಾದ ಜಾಗದಲ್ಲಿ 31 ಸೆಂಟಿಮೀಟರ್ ಅಗಲ! ನಮ್ಮೂರಲ್ಲಿ ಇಂಥಾ ಸಂದಿಗೆ ಬೀದಿ ಅಂತ ಹೆಸರಿಟ್ಟರೆ ಪಂಚಾಯತಿನವರೇ ನಗುತ್ತಾರೆ. ಇಲ್ಲಿ ಅದು ಸರಕಾರಿ ಬೀದಿ, ಅದಕ್ಕೇ 2007ರಲ್ಲಿ ಗಿನ್ನೆಸ್ ಪುಸ್ತಕಕ್ಕೂ ಸೇರಿತು. ನಾನು ಎದುರು ನಿಂತು, ಸಂದು ನೋಡಿದೆ, ನನ್ನ ಹೊಟ್ಟೆ ನೋಡಿಕೊಂಡೆ, ಕೈಲಿದ್ದ ಚಿತ್ರಾನ್ನದ ಡಬ್ಬಿ ನೋಡಿದೆ. ಮೂರಕ್ಕೂ ತಾಳೆಯಾಗಲಿಲ್ಲ. ವಾಪಸ್ಸು ರೈಲು ಹತ್ತಿದೆ.

ಟ್ಯೂಬಿಂಗನ್ ಅಂದ್ರೆ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯ ಅಂದ್ರೆ ಟ್ಯೂಬಿಂಗನ್. ಊರಿಡೀ ವಿದ್ಯಾರ್ಥಿಗಳು, ಸೈಕಲ್ಲುಗಳು, ನದಿಯಲ್ಲಿ ಉದ್ದನೆ ಕೋಲು ಹಾಕಿ ನೂಕುವ ದೋಣಿಗಳು. ನೇತ್ರಾವತಿಯಲ್ಲಿ ಮರಳು ತುಂಬಿಸುವ ದೋಣಿಗೆ ಹಾಕುವ ಜಲ್ಲೆಯೇ ಇದು, ಇಲ್ಲಿ ಮಾತ್ರ ದೋಣಿಯಲ್ಲಿ ಮರಳಿನ ಬದಲು ಬಿಯರು. ಹಳೆ ಪೇಟೆಯಲ್ಲಿ ಒಂದು ಮನೆಗೆ ಘನಗಂಭೀರ ಫಲಕ: "ಇಲ್ಲಿ ಗಯಟೆ ತಂಗಿದ್ದನು". ಜರ್ಮನಿಯ ಮಹಾಕವಿ 1797ರಲ್ಲಿ ತನ್ನ ಪ್ರಕಾಶಕ ಕೋಟಾನ ಮನೆಯಲ್ಲಿ ಉಳಿದಿದ್ದ. ಸರಿ, ನಮಸ್ಕಾರ ಮಾಡಿದೆ. ಪಕ್ಕದ ಕಟ್ಟಡ ವಿದ್ಯಾರ್ಥಿಗಳದ್ದು. ಅಲ್ಲೂ ಒಂದು ಫಲಕ. ಇಷ್ಟು ಹೊತ್ತಿಗೆ ಫಲಕ ಕಂಡರೆ ನನಗೆ ಭಯ, ಆದರೂ ಫೋನಿನಲ್ಲಿ ಅನುವಾದ ಮಾಡಿ ನೋಡಿದೆ: "ಇಲ್ಲಿ ಗಯಟೆ ವಾಂತಿ ಮಾಡಿದನು"! ಯಾವ ಕಾಲದ ಹುಡುಗರ ಕಿತಾಪತಿಯೋ. ನಮ್ಮಲ್ಲಿ ಇದನ್ನು ಮಾಡಿದ್ದರೆ ಸಂಜೆಯೊಳಗೆ ಪ್ರತಿಭಟನೆ, ರಸ್ತೆ ತಡೆ. ಇಲ್ಲಿ ಅದಕ್ಕೂ ಜನ ಫೋಟೋ ಹೊಡೀತಾರೆ.

ಗುಡ್ಡದ ಮೇಲೆ ಕೋಟೆ. ಆ ಕೋಟೆಯ ಹಳೆ ಅಡುಗೆಮನೆಯಲ್ಲಿ ಒಂದು ಪ್ರಯೋಗಾಲಯ ಇತ್ತು. ಅಲ್ಲಿ 1869ರಲ್ಲಿ ಫ್ರೀಡ್ರಿಶ್ ಮೀಷರ್ ಅನ್ನುವ ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ, ಆಸ್ಪತ್ರೆಯಿಂದ ತಂದ ಕೀವು ಮೆತ್ತಿದ ಬ್ಯಾಂಡೇಜು ತೊಳೆದು ತೊಳೆದು ಅದರಿಂದ ಒಂದು ಹೊಸ ವಸ್ತು ತೆಗೆದ. ಅದಕ್ಕೆ ನ್ಯೂಕ್ಲಿಯಿನ್ ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್ಎ ಅನ್ನುವುದು ಅದನ್ನೇ. ನನ್ನ ಕ್ಷೇತ್ರದವನೂ ಒಬ್ಬ ಸಿಕ್ಕಿದ. ವಿಲ್ಹೆಲ್ಮ್ ಶಿಕಾರ್ಡ್. ಇಲ್ಲಿ ಹೀಬ್ರೂ ಭಾಷೆ ಕಲಿಸುತ್ತಿದ್ದ ಮೇಷ್ಟ್ರು. 1623ರಲ್ಲಿ ಈತ ಹಲ್ಲುಚಕ್ರಗಳ ಒಂದು ಯಂತ್ರ ಮಾಡಿ, ಅದು ತಾನೇ ಕೂಡಿಸಿ ಕಳೆಯುತ್ತದೆ ಅಂತ ಖಗೋಳ ವಿಜ್ಞಾನಿ ಕೆಪ್ಲರನಿಗೆ ಕಾಗದ ಬರೆದ. ಆರು ಅಂಕಿಯ ಲೆಕ್ಕ. ಉತ್ತರ ಆರು ಅಂಕಿ ದಾಟಿದರೆ ಗಂಟೆ ಹೊಡೆಯುತ್ತೆ! ಓವರ್‌ಫ್ಲೋ ಆದರೆ ಎಚ್ಚರಿಸಬೇಕು ಅನ್ನುವುದು ಭಾಷೆಯ ಮೇಷ್ಟ್ರಿಗೆ 400 ವರ್ಷದ ಹಿಂದೆ ಗೊತ್ತಿತ್ತು. ನಾನು ಹೋದ ತಿಂಗಳು ಬರೆದ ಕೋಡಿನಲ್ಲಿ ಅದೇ ಇರಲಿಲ್ಲ, ಅದಕ್ಕೆ ಬೈಗುಳ ತಿಂದದ್ದೂ ಆಯಿತು. ಕೆಪ್ಲರನಿಗೆ ಅಂತ ಮಾಡಿಸುತ್ತಿದ್ದ ಯಂತ್ರ ಅರ್ಧದಲ್ಲೇ ಬೆಂಕಿಗೆ ಸುಟ್ಟು ಹೋಯಿತು. 1960ರಲ್ಲಿ ಆ ಪತ್ರ, ಚಿತ್ರಗಳನ್ನು ನೋಡಿಕೊಂಡು ಅದರ ಮಾದರಿ ಕಟ್ಟಿದರು. ಓಡಿತು.

ಸರಿ, ಇಷ್ಟೆಲ್ಲ ತಲೆಗಳನ್ನು ಒಂದು ಸಣ್ಣ ಊರಿಗೆ ತಂದು ಸೇರಿಸಿದ ಈ ವಿಶ್ವವಿದ್ಯಾಲಯವನ್ನು ಕಟ್ಟಿದ್ದು ಯಾರು? ಊಹಿಸಿ ನೋಡೋಣ. ಹೌದು ಸ್ವಾಮಿ, ಅವನೇ. ಗಡ್ಡದ ಎಬರ್‌ಹಾರ್ಡ್. 1477ರಲ್ಲಿ. ಅವನ ಧ್ಯೇಯವಾಕ್ಯ ಲ್ಯಾಟಿನ್ನಿನ ಒಂದೇ ಪದ: ಅಟೆಂಪ್ಟೊ. "ಮಾಡಿ ನೋಡ್ತೇನೆ" ಅನ್ನೋ ಥರ. ಪೇಟೆ ನಡುವಿನ ಚರ್ಚಿನೊಳಗೆ ಅವನ ಸಮಾಧಿ ಇದೆ. ಕಲ್ಲಿನ ಗಡ್ಡ ಬಿಟ್ಟುಕೊಂಡು ಕೈಮುಗಿದು ಮಲಗಿದ್ದಾನೆ. ಏಳು ತಿಂಗಳು ಬೈದಿದ್ದೆನಲ್ಲ, ಎದುರಿಗೆ ನಿಂತು, "ಅಜ್ಜಾ, ತಪ್ಪಾಯ್ತು" ಅಂದೆ. ಮೆಟ್ಟಿಲು ಗುಡಿಸುವ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

* * *

ಈಗ ನಿಜವಾದ ವಿಷಯಕ್ಕೆ ಬರ್ತೇನೆ.

ನದಿ ದಂಡೆಯಲ್ಲಿ ಒಂದು ಹಳದಿ ಗೋಪುರ ಇದೆ. ಹೋಲ್ಡರ್ಲಿನ್ ಅನ್ನುವ ದೊಡ್ಡ ಕವಿ ಮನಸ್ಸಿನ ಸ್ವಾಸ್ಥ್ಯ ಕಳಕೊಂಡ ಮೇಲೆ, ಒಬ್ಬ ಬಡಗಿ ಅವನನ್ನು ತನ್ನ ಮನೆಗೆ ಕರೆದು ತಂದ. ಸ್ವಲ್ಪ ದಿನಕ್ಕೆ ಅಂತ 1807ರಲ್ಲಿ ಬಂದ ಕವಿ 36 ವರ್ಷ ಅಲ್ಲೇ ಇದ್ದು, 1843ರ ಜೂನ್ ತಿಂಗಳಲ್ಲಿ ತೀರಿಕೊಂಡ. ಬಡಗಿ ಸತ್ತ ಮೇಲೂ ಆ ಮನೆಯವರು ನೋಡಿಕೊಂಡರು. ಗೋಪುರದ ಕೆಳಗೆ ಕೂತು ಚಿತ್ರಾನ್ನ ತಿನ್ನುತ್ತಾ 1843, 1843 ಅಂತ ತಲೆಯಲ್ಲಿ ಏನೋ ಕೊರೆಯುತ್ತಾ ಇತ್ತು. ಎಲ್ಲೋ ಕೇಳಿದ ಇಸವಿ. ಸ್ವಲ್ಪ ಹೊತ್ತಿಗೆ ಹೊಳೆಯಿತು. ಹೈಸ್ಕೂಲಿನಲ್ಲಿ ಕ್ವಿಜ್ಜಿಗೆ ಉರು ಹೊಡೆದದ್ದು! ಕನ್ನಡದ ಮೊದಲ ಪತ್ರಿಕೆ: ಮಂಗಳೂರ ಸಮಾಚಾರ, 1843ರ ಜುಲೈ 1. ಸಂಪಾದಕ: ಹರ್ಮನ್ ಮೊಗ್ಲಿಂಗ್. ಎರಡು ಅಂಕ. ಅದೇ ದಿನವನ್ನು ನಮ್ಮಲ್ಲಿ ಪತ್ರಿಕಾ ದಿನ ಅಂತ ಆಚರಿಸುತ್ತಾರೆ.

ಈ ಉತ್ತರ ಹೇಳಿ ಒಂದು ಸ್ಟೀಲ್ ಲೋಟ ಬಹುಮಾನ ಗೆದ್ದವನು ನಾನು. ಆದರೆ ಆ ಮೊಗ್ಲಿಂಗ್ ಯಾರು, ಯಾವೂರಿನವ ಅಂತ ಯಾವತ್ತೂ ಕೇಳಿರಲಿಲ್ಲ. ಕಾಲೇಜಿಗೆ ಹೋಗುವಾಗ ನಾಲ್ಕು ವರ್ಷ ಬಲ್ಮಠದ ಮೇಲೆಯೇ ಬಸ್ಸು ಹೋಗ್ತಿತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಸಾಕು ಅಂತ ಇದ್ದವನಿಗೆ ಇತಿಹಾಸ ಯಾರಿಗೆ ಬೇಕಿತ್ತು? ಈಗ ಫೋನು ತೆಗೆದು ನೋಡಿದರೆ, ಆಸಾಮಿ ಓದಿದ್ದು ಇದೇ ಟ್ಯೂಬಿಂಗನ್‌ನಲ್ಲಿ. ಹುಟ್ಟಿದ್ದು 1811ರಲ್ಲಿ ಬ್ರಾಕನ್‌ಹೈಮ್‌ನಲ್ಲಿ. ಅದು ಸ್ಟುಟ್‌ಗಾರ್ಟ್‌ನ ಉತ್ತರಕ್ಕೆ ದ್ರಾಕ್ಷಿ ತೋಟಗಳ ಊರು, ಹೋಲ್ಡರ್ಲಿನ್ ಹುಟ್ಟಿದ ಲಾವ್‌ಫನ್‌ಗೆ ತೀರಾ ಹತ್ತಿರ. ತೀರಿಕೊಂಡದ್ದು 1881ರಲ್ಲಿ, ಎಸ್ಲಿಂಗನ್‌ನಲ್ಲಿ. ಬೆಳಿಗ್ಗೆ ರೈಲಿನಲ್ಲಿ ನಿದ್ದೆ ಹೊಡೆಯುತ್ತಾ ದಾಟಿ ಬಂದೆನಲ್ಲ, ಆ ಎಸ್ಲಿಂಗನ್!

ಒಂದು ಸಲ ಲೆಕ್ಕ ಹಾಕಿ ನೋಡಿ. ಮೊಗ್ಲಿಂಗ್ ಬಾಸೆಲ್ ಮಿಷನ್ನಿನ ಕೆಲಸಕ್ಕೆ ಮಂಗಳೂರಿಗೆ ಬಂದಿಳಿದದ್ದು 1836ರಲ್ಲಿ, ಇಪ್ಪತ್ತೈದರ ವಯಸ್ಸಲ್ಲಿ. ಏಳು ವರ್ಷದಲ್ಲಿ ಕನ್ನಡದಲ್ಲಿ ಪತ್ರಿಕೆ ಮಾಡುವಷ್ಟು ಭಾಷೆ ಕಲಿತ. ಆಗ ಮಂಗಳೂರಲ್ಲಿ ಇದ್ದದ್ದು ಕಲ್ಲಚ್ಚು. ನಯವಾದ ಕಲ್ಲಿನ ಮೇಲೆ ಎಣ್ಣೆ ಅಂಶದ ಮಸಿಯಲ್ಲಿ ಬರೆದು, ನೀರು ಸವರಿ, ಶಾಯಿ ಉರುಳಿಸಿ, ಕಾಗದ ಒತ್ತುವುದು. ಮಸಿ ಇದ್ದಲ್ಲಿ ಶಾಯಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ. ಊರಿನ ಸುದ್ದಿ, ಸರಕಾರದ ಹುಕುಂ, ಹೊರದೇಶದ ವರ್ತಮಾನ, ಕತೆ, ಬುದ್ಧಿಮಾತು. ಮರು ವರ್ಷ, 1844ರಲ್ಲಿ, ಪತ್ರಿಕೆ ಬಳ್ಳಾರಿಗೆ ಹೋಗಿ ಹೆಸರು "ಕನ್ನಡ ಸಮಾಚಾರ" ಅಂತ ಬದಲಾಯಿತು. ಎಷ್ಟು ಸರಳ ಯೋಚನೆ ನೋಡಿ. ಮಂಗಳೂರಿನ ಸುದ್ದಿ ಮಂಗಳೂರಿನವರಿಗೆ ಸಾಕು, ಕನ್ನಡ ಸುದ್ದಿಯಾದರೆ ಎಲ್ಲರಿಗೂ.

ಅಲ್ಲಿಗೆ ನಿಲ್ಲಲಿಲ್ಲ. ತಾಳೆಗರಿಯಲ್ಲಿ ಇದ್ದದ್ದನ್ನು ಹುಡುಕಿಸಿ ಅಚ್ಚಿಗೆ ತರಲು ಹೊರಟ. ಕಸಮೇಜರ್ ಅನ್ನುವ ನಿವೃತ್ತ ನ್ಯಾಯಾಧೀಶರು ದುಡ್ಡಿನ ಸಹಾಯ ಮಾಡಿದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಎಲ್ಲ "ಬಿಬ್ಲಿಯೋಥಿಕಾ ಕರ್ನಾಟಿಕಾ" ಅನ್ನುವ ಮಾಲೆಯಲ್ಲಿ 1848ರಿಂದ ಪುಸ್ತಕವಾಗಿ ಬಂದವು. ಮಿಷನರಿ ಕೂತು ಪುರಂದರದಾಸರ ಪದಗಳನ್ನು ಅಚ್ಚು ಹಾಕಿಸುತ್ತಾನೆ! ಈ ಕೆಲಸಕ್ಕೆ 1858ರಲ್ಲಿ ಡಾಕ್ಟರೇಟು ಕೊಟ್ಟದ್ದು ಇದೇ ಟ್ಯೂಬಿಂಗನ್. ಕನ್ನಡದ ಕೆಲಸಕ್ಕೆ ಟ್ಯೂಬಿಂಗನ್ ಡಾಕ್ಟರೇಟು ಕೊಟ್ಟದ್ದು ಅದೊಂದೇ ಸಲವೂ ಅಲ್ಲ. 1896ರಲ್ಲಿ ಫರ್ಡಿನಾಂಡ್ ಕಿಟೆಲ್‌ಗೆ ಕೊಟ್ಟಿತು. ಕಿಟೆಲ್ ಉತ್ತರ ಸಮುದ್ರದ ಕಡೆಯವನು, 1832ರಲ್ಲಿ ಹುಟ್ಟಿದ್ದು. 1853ರಲ್ಲಿ ನಮ್ಮ ಕಡೆ ಬಂದವನು, 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ನಿಘಂಟನ್ನು ಕೈಗಿಟ್ಟ. ಸುಮಾರು 70,000 ಪದ. ಬೆಂಗಳೂರು ಎಂ.ಜಿ. ರಸ್ತೆಯ ಮೇಯೊ ಹಾಲ್ ಹತ್ತಿರ ನಿಂತಿರುವ ಗಡ್ಡದ ಪ್ರತಿಮೆ ಇವನದ್ದೇ. ಕೊನೆಗಾಲದಲ್ಲಿ ಟ್ಯೂಬಿಂಗನ್‌ನಲ್ಲಿ ನೆಲೆಸಿ, ಕನ್ನಡ ವ್ಯಾಕರಣದ ಪುಸ್ತಕ ಹೊರತಂದು, ಅದೇ 1903ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡ.

ಇವರ ಜತೆಯವನೇ ಹರ್ಮನ್ ಗುಂಡರ್ಟ್. ಸ್ಟುಟ್‌ಗಾರ್ಟಿನವನು, ಟ್ಯೂಬಿಂಗನ್‌ನಲ್ಲಿ ಓದಿದವನು, ತಲಶ್ಶೇರಿಗೆ ಹೋಗಿ ಮಲಯಾಳಕ್ಕೆ ನಿಘಂಟು ಮಾಡಿದ. 1872ರಲ್ಲಿ ಬಂತು. ಅವನ ಮೊಮ್ಮಗ ಹರ್ಮನ್ ಹೆಸ್ಸೆ, "ಸಿದ್ಧಾರ್ಥ" ಬರೆದವನು. ಹೆಸ್ಸೆಯ ಅಮ್ಮ ಹುಟ್ಟಿದ್ದು ತಲಶ್ಶೇರಿಯ ಹತ್ತಿರ. ಹೆಸ್ಸೆ ಹುಡುಗನಾಗಿದ್ದಾಗ, 1895ರಿಂದ ನಾಲ್ಕು ವರ್ಷ, ಟ್ಯೂಬಿಂಗನ್‌ನ ಒಂದು ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಅವತ್ತು ಬೆಳಿಗ್ಗೆ ಆ ಅಂಗಡಿ ಎದುರು ನಿಂತು ಐಸ್‌ಕ್ರೀಮ್ ತಿಂದಿದ್ದೆ, ಗೊತ್ತೇ ಇಲ್ಲದೆ!

ಆವತ್ತು ವಾಪಸ್ಸು ಬರುವಾಗ ಎಸ್ಲಿಂಗನ್‌ನಲ್ಲಿ ಇಳಿದೆ. ನೋಡಲು ಬಹಳ ಇದೆ. 13ನೇ ಶತಮಾನದ ಮರದ ಚೌಕಟ್ಟಿನ ಮನೆಗಳು, ಗುಡ್ಡದ ಮೇಲೆ ಬುರುಜು, ದ್ರಾಕ್ಷಿ ತೋಟ. ನಾನು ಹೆಂಚು ನೋಡುತ್ತಾ ನಡೆದೆ. ಕೆಂಪು ಹೆಂಚಿನ ಮಾಡುಗಳು, ಒಂದರ ಹಿಂದೆ ಒಂದು. ಪುತ್ತೂರಿನ ನಮ್ಮ ಅಜ್ಜನ ಮನೆಯ ಮಾಡಿನ ಬಣ್ಣವೇ. ನಮ್ಮ ಮಂಗಳೂರು ಹೆಂಚೂ ಈ ಮಿಷನ್ನಿನದೇ ಕೂಸು. 1865ರಲ್ಲಿ ಪ್ಲೆಬ್ಸ್ಟ್ ಅನ್ನುವವ ಮಂಗಳೂರಲ್ಲಿ ಕಾರ್ಖಾನೆ ಶುರು ಮಾಡಿದ್ದು. ಮಳೆಗಾಲದಲ್ಲಿ ಆ ಹೆಂಚಿನಡಿ ಹಪ್ಪಳ ತಿನ್ನುತ್ತಾ ಬೆಳೆದವನಿಗೆ ಅದು ಯಾರು ಸುಟ್ಟ ಮಣ್ಣು ಅಂತ ತಿಳಿಯಲು ಏಳು ಸಾವಿರ ಕಿಲೋಮೀಟರ್ ದಾಟಿ ಬರಬೇಕಾಯ್ತು.

* * *

ರಾತ್ರಿ ಖುಷಿಯಲ್ಲಿ ಊರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಚಿಕ್ಕಪ್ಪ ಕೇಳಿಸಿಕೊಂಡು, "ಅವರು ಬಂದದ್ದು ಮತಾಂತರ ಮಾಡ್ಲಿಕ್ಕೆ. ನೀನು ಅವರ ಭಜನೆ ಮಾಡ್ಬೇಡ" ಅಂತ ಫೋನು ಅಮ್ಮನ ಕೈಗೆ ಕೊಟ್ಟರು.

ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ಅವರು ಬಂದದ್ದು ಅದಕ್ಕೇ, ಅದನ್ನು ಮುಚ್ಚಿಟ್ಟವರೂ ಅಲ್ಲ. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯ ಅನ್ನುವ ಸಾರಸ್ವತ ಬ್ರಾಹ್ಮಣ ಹುಡುಗ ಕ್ರೈಸ್ತನಾದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಒಂದು ಮನೆ ಮಗನನ್ನು ಕಳಕೊಂಡಿತು. ಆ ಹುಡುಗ ಮೊಗ್ಲಿಂಗ್ ಜತೆ ಹಡಗು ಹತ್ತಿ ಬಾಸೆಲ್‌ಗೆ ಬಂದು, ಜರ್ಮನ್ ಕಲಿತು, ಓದಿ, ಪಾದ್ರಿಯಾಗಿ ಊರಿಗೆ ಮರಳಿದ. ವಿಮಾನ ಇಲ್ಲ, ವಾಟ್ಸಾಪ್ ಇಲ್ಲ, ಹಿಂದಿರುಗಿದರೆ ಮನೆ ಬಾಗಿಲು ತೆಗೆಯುತ್ತಾರೆಂಬ ಖಾತ್ರಿಯೂ ಇಲ್ಲ. ನಾನು ಇಲ್ಲಿ ಮೊದಲ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದನ್ನು ನೋಡಿ ಅತ್ತಿದ್ದೇನೆ. ಕೈಯಲ್ಲಿ ವಾಪಸ್ಸು ಟಿಕೆಟ್ ಇಟ್ಟುಕೊಂಡು! ಅವನ ಮೊದಲ ಚಳಿಗಾಲ ಹೇಗಿದ್ದಿರಬಹುದು ಅಂತ ಯೋಚಿಸಿದೆ. ಆ ಮನೆಯವರ ಮಳೆಗಾಲವನ್ನೂ ಯೋಚಿಸಿದೆ. ಎರಡೂ ಕಡೆಗೆ ನನ್ನಿಂದ ತೀರ್ಪು ಕೊಡಲು ಆಗುವುದಿಲ್ಲ.

ಇನ್ನೂ ಒಂದಿದೆ. ಈ ಜರ್ಮನ್ನರಿಗೆ ಕನ್ನಡ ಮೇಲಿಂದ ಉದುರಲಿಲ್ಲ. ಕಲಿಸಿದವರು ನಮ್ಮ ಮುನ್ಷಿಗಳು, ಪಂಡಿತರು. ತಾಳೆಗರಿ ಹುಡುಕಿ ತಂದು, ನಕಲು ಮಾಡಿ, ಒಂದೊಂದು ಪದಕ್ಕೂ ಅರ್ಥ ಹೇಳಿ, ತಪ್ಪು ತಿದ್ದಿದವರು. ಪ್ರತಿಮೆ ನಿಂತದ್ದು ಕಿಟೆಲ್‌ಗೆ. ಕಲಿಸಿದ ಮೇಷ್ಟ್ರುಗಳ ಹೆಸರು ಕ್ವಿಜ್ಜಿನಲ್ಲಿ ಕೂಡ ಬರುವುದಿಲ್ಲ.

ಆದರೂ ಒಂದು ಮಾತು ನನ್ನನ್ನು ಬಿಡಲಿಲ್ಲ. ಬಂದ ಉದ್ದೇಶ ಏನೇ ಇರಲಿ, ಬಂದ ಊರಿನ ಭಾಷೆ ಕಲಿಯದೆ ಇಲ್ಲಿ ನನಗೇನೂ ಕೆಲಸವಿಲ್ಲ ಅಂತ ಆ ಜನಕ್ಕೆ ಅನ್ನಿಸಿತ್ತು. ನಾನು? ಆಫೀಸಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಬೆರಳು ಸನ್ನೆ, ಬಾಡಿಗೆ ಕರಾರಿಗೆ ಗೂಗಲ್ಲು. ಅದು ಹೋಗಲಿ, ಕನ್ನಡಕ್ಕೆ? ಅಮ್ಮನಿಗೆ ವಾಟ್ಸಾಪ್ ಬರೆಯುವುದೂ ಇಂಗ್ಲಿಷ್ ಅಕ್ಷರದಲ್ಲಿ, "ಊಟ ಆಯ್ತಾ" ಅನ್ನುವುದಕ್ಕೆ. ಫೋನಿನಲ್ಲಿ ಕನ್ನಡ ಕೀಲಿಮಣೆ ಇದೆ, ಹಾಕಿಕೊಳ್ಳಲು ಅರ್ಧ ನಿಮಿಷ ಸಾಕು. ಆತ ಕಲ್ಲಿನ ಮೇಲೆ ಅಕ್ಷರ ಬರೆದು ಅಚ್ಚು ಹಾಕಿಸಿದ, ನನಗೆ ಗಾಜಿನ ಮೇಲೆ ಬೆರಳಾಡಿಸಲು ಸೋಮಾರಿತನ. ಎರಡೂ ಭಾಷೆಗೆ ನಾನು ಬಾಡಿಗೆದಾರ, ಎರಡರ ಮೆಟ್ಟಿಲನ್ನೂ ಗುಡಿಸದವನು.

ಸೋಮವಾರ ಹೋಗಿ ಜರ್ಮನ್ ಕ್ಲಾಸಿಗೆ ಸೇರಿದೆ. ಡೇರ್, ಡೀ, ಡಾಸ್. ಪ್ರತಿಯೊಂದು ವಸ್ತುವಿಗೂ ಲಿಂಗ. ಚಮಚ ಗಂಡಸು, ಮುಳ್ಳುಚಮಚ ಹೆಂಗಸು, ಚಾಕು ನಪುಂಸಕ. ಊಟಕ್ಕೆ ಕೂತರೆ ತಟ್ಟೆ ಪಕ್ಕ ಇಡೀ ವ್ಯಾಕರಣ. ಹುಡುಗಿ ಅನ್ನುವ ಪದ ನಪುಂಸಕ ಲಿಂಗ ಅಂತ ಹೇಳಿದಾಗ ಅಮ್ಮ ನಂಬಲೇ ಇಲ್ಲ. ಕಷ್ಟಪಟ್ಟು ಕಲಿತು ಅಜ್ಜಿಯ ಹತ್ತಿರ ಮಾತಾಡಲು ಹೋದರೆ ಅವರ ಮಾತು ಒಂದೂ ಪುಸ್ತಕದಲ್ಲಿ ಇಲ್ಲ! ಅವರದ್ದು ಶ್ವಾಬಿಶ್, ಈ ಸೀಮೆಯ ಆಡುಮಾತು. ಎಲ್ಲ ಪದದ ಬಾಲಕ್ಕೂ "ಲೆ" ಸೇರಿಸಿ ಮುದ್ದು ಮಾಡ್ತಾರೆ. ಮನೆಯಾದರೆ ಹೊಯ್ಸ್‌ಲೆ, ಹೆಂಡತಿಯಾದರೆ ವೈಬ್‌ಲೆ. ಈ ರಾಜ್ಯದವರು 1999ರಿಂದ 2021ರವರೆಗೆ ತಮ್ಮ ಜಾಹೀರಾತಿನಲ್ಲೇ ಹೇಳಿಕೊಳ್ಳುತ್ತಿದ್ದರು, ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದು ಬಿಟ್ಟು ಅಂತ. ಬೆಂಗಳೂರಿಗೆ ಹೋದಾಗ "ನಿಮ್ಮ ಮಂಗಳೂರು ಕನ್ನಡ ಪುಸ್ತಕದ ಥರ" ಅಂತ ನಗಿಸಿಕೊಂಡು ಬೆಳೆದವನಿಗೆ ಇವರ ಮೇಲೆ ಒಮ್ಮೆಲೇ ಪ್ರೀತಿ ಬಂತು.

ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಸಾರಿಗೆ ಬೇಳೆ ಇಟ್ಟಿದ್ದೆ. ಇಲ್ಲಿ ಭಾನುವಾರ ಗದ್ದಲ ಮಾಡುವ ಹಾಗಿಲ್ಲ. ಭಾನುವಾರ ವಿಶ್ರಾಂತಿಯ ದಿನ ಅನ್ನುವುದು 1919ರ ಸಂವಿಧಾನದಲ್ಲೇ ಇತ್ತು, 1949ರದ್ದರಲ್ಲೂ ಹಾಗೇ ಉಳಿಸಿಕೊಂಡರು. ಸಂವಿಧಾನ ಬರೆದವರಿಗೆ ಕುಕ್ಕರಿನ ವಿಷಯ ಗೊತ್ತಿರಲಿಲ್ಲ. ಮೂರನೇ ಸೀಟಿಗೆ ಬಾಗಿಲು ಬಡಿಯಿತು. ಅಜ್ಜಿ. ಬೈಗುಳಕ್ಕೆ ತಯಾರಾಗಿ ತೆಗೆದೆ. ಅವರು ಮೂಗು ಮೇಲೆತ್ತಿ, ಇದೇನು ಪರಿಮಳ ಅಂದರು. ಒಳಗೆ ಕರೆದು ಸಾರು ಅನ್ನ ಬಡಿಸಿದೆ. ತಿನ್ನುತ್ತಾ, ನೀನು ಫೋನಿನಲ್ಲಿ ಅಷ್ಟು ವೇಗವಾಗಿ ಆಡುವ ಭಾಷೆ ಯಾವುದು ಅಂತ ಕೇಳಿದರು.

ನನ್ನ ಹರಕು ಜರ್ಮನ್ನಿನಲ್ಲಿ ಮೊಗ್ಲಿಂಗ್ ಕತೆ ಹೇಳಿದೆ. ಅರ್ಧ ಗಂಟೆ. ಡೇರ್ ಇದ್ದಲ್ಲಿ ಡೀ, ಡೀ ಇದ್ದಲ್ಲಿ ಡಾಸ್. ಅವರು ಮಧ್ಯೆ ಮಧ್ಯೆ ಲಿಂಗ ಸರಿ ಮಾಡಿಕೊಡುತ್ತಾ ಕೇಳಿದರು. ಕೊನೆಗೆ, ತಾನು ಹುಟ್ಟಿ ಬೆಳೆದದ್ದು ಎಸ್ಲಿಂಗನ್‌ನಲ್ಲೇ, ಈ ಹೆಸರು ಒಮ್ಮೆಯೂ ಕೇಳಿಲ್ಲ ಅಂದರು. ಬ್ರಾಕನ್‌ಹೈಮ್ ಅಂದರೆ ಅವರಿಗೆ ನೆನಪಾಗುವುದು ಅಲ್ಲಿ 1884ರಲ್ಲಿ ಹುಟ್ಟಿದ ಥಿಯೊಡೋರ್ ಹೊಯ್ಸ್, ದೇಶದ ಮೊದಲ ರಾಷ್ಟ್ರಾಧ್ಯಕ್ಷ. "ಅಲ್ಲಪ್ಪ, ನಮ್ಮೂರಲ್ಲಿ ಸತ್ತವನ ಕತೆ ಹೇಳಲು ಅಷ್ಟು ದೂರದಿಂದ ನೀನು ಬರಬೇಕಾಯ್ತೇ" ಅಂದರು. ನಾನು ನನ್ನೂರಿನ ಪತ್ರಿಕೆಯ ಕತೆ ತಿಳಿಯಲು ಇಲ್ಲಿಗೆ ಬರಬೇಕಾಯ್ತಲ್ಲ, ಅಂದೆ. ಇಬ್ಬರದ್ದೂ ಸಮ ಸಮ.

ಮತ್ತೆ ಅಜ್ಜಿ, ನಿನ್ನ ಅಕ್ಷರ ಹೇಗಿರುತ್ತೆ, ಬರೆದು ತೋರಿಸು ಅಂದರು. ಕಾಗದ ಹುಡುಕಿದೆ, ಸಿಗಲಿಲ್ಲ. ಆ ವಾರ ಸರದಿ ನನ್ನದೇ, ಫಲಕ ಬಾಗಿಲಲ್ಲಿತ್ತು. ಅದರ ಹಿಂಬದಿ ಖಾಲಿ. ಅಜ್ಜಿಯೇ ತಂದು ಎದುರಿಗಿಟ್ಟರು. ಏನು ಬರೆಯುವುದು? ಪೊರಕೆ ಅಂತಲೇ, ಕಸಬರಿಕೆ ಅಂತಲೇ? ನಮ್ಮ ಮನೆಯ ಪದವೇ ಇರಲಿ ಅಂತ ದೊಡ್ಡದಾಗಿ ಬರೆದೆ: ಹಿಡಿಸೂಡಿ.

ಎಷ್ಟು ದುಂಡಗಿದೆ, ಅಂತ ಅವರು ಬೆರಳಿಟ್ಟು ಒಂದೊಂದೇ ಅಕ್ಷರ ಸವರಿ ನೋಡಿದರು. ಈಗ ನಮ್ಮ ಕಟ್ಟಡದಲ್ಲಿ ಆ ಫಲಕ ಮನೆಯಿಂದ ಮನೆಗೆ ಹೋಗುತ್ತಾ ಇದೆ. ಕೆಲವರು ಜರ್ಮನ್ ಮುಂದೆ ಮಾಡಿ ನೇತು ಹಾಕುತ್ತಾರೆ, ಕೆಲವರು ಕನ್ನಡ. ಕೆಳಮನೆ ಬಾಗಿಲಲ್ಲಿ ಮಾತ್ರ ಯಾವಾಗ ನೋಡಿದರೂ ಕನ್ನಡವೇ ಮುಂದೆ.

ನಾಳೆಯಿಂದ ಮತ್ತೆ ನನ್ನ ಪಾಳಿ. ಗುಡಿಸಬೇಕು. ಬರ್ತೇನೆ.